ಬಿಸಿಯೂಟದ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ, ಮಕ್ಕಳಿಗೆ ಏನು ಬರುತ್ತದೆ? ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕಿ. ಪಾಠದ ಜೊತೆಗೆ ಬಿಸಿಯೂಟದ ಉಸ್ತುವಾರಿಯೂ ನನ್ನ ಪಾಲಿಗೆ ಬಂದಿದೆ. ಅಡುಗೆ ಸಿಬ್ಬಂದಿಯ ಗೌರವಧನ, ತರಕಾರಿಯ ಬೆಲೆ, ಸಿಲಿಂಡರಿನ ಕೊರತೆ ಇವುಗಳ ಬಗ್ಗೆ ತಮಗೆ ಪತ್ರಗಳು ಬರುತ್ತಲೇ ಇರುತ್ತವೆ. ಅವೆಲ್ಲ ನಿಜವಾದ ಕಷ್ಟಗಳೇ. ಆದರೆ ಈ ಪತ್ರದ ವಿಷಯ ಬೇರೆ.

ಹದಿಮೂರರಿಂದ ಹದಿನಾರು ವರ್ಷದ ಮಕ್ಕಳಿಗೆ ಏನು ತಿನ್ನಬೇಕೆಂದು ಈಗ ಹೇಳಿಕೊಡುತ್ತಿರುವುದು ಮೊಬೈಲು. ಆ ಪಾಠದ ಪಠ್ಯಕ್ರಮ ತಿಂಡಿ ಮತ್ತು ಪಾನೀಯದ ಕಂಪನಿಗಳದು. ಅದೇ ಮೊಬೈಲು, ಅದೇ ಇಂಟರ್ನೆಟ್ಟು ಶಿಕ್ಷಣ ಇಲಾಖೆಯ ಕೈಯಲ್ಲೂ ಇವೆ. ಊಟದ ವಿಚಾರದಲ್ಲಿ ನಾವು ಅವನ್ನು ಬಳಸುತ್ತಿರುವುದು ಹೆಚ್ಚುಕಡಿಮೆ ಒಂದೇ ಕೆಲಸಕ್ಕೆ: ಇಂದು ಎಷ್ಟು ಮಕ್ಕಳು ಉಂಡರು, ಎಷ್ಟು ಮೊಟ್ಟೆ ಖರ್ಚಾಯಿತು, ಎಷ್ಟು ಮಂದಿ ಹಾಲು ಕುಡಿದರು ಎಂಬ ಲೆಕ್ಕವನ್ನು ಮೇಲಕ್ಕೆ ಕಳಿಸುವುದಕ್ಕೆ. ಮಕ್ಕಳ ಕಡೆಗೆ ಆ ದಾರಿಯಲ್ಲಿ ಇದುವರೆಗೆ ಏನೂ ಇಳಿದು ಬಂದಿಲ್ಲ. ನನ್ನ ದೂರು ಇದು.

ಮೊದಲು ಸರ್ಕಾರಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಕೇಂದ್ರದ ಯೋಜನೆ ಎಂಟನೇ ತರಗತಿಗೆ ನಿಂತರೂ ಕರ್ನಾಟಕ ತನ್ನ ಖರ್ಚಿನಲ್ಲಿ ಒಂಬತ್ತು, ಹತ್ತನೆಯ ಮಕ್ಕಳಿಗೂ ಬಿಸಿಯೂಟ ಕೊಡುತ್ತಿದೆ. 2013ರಲ್ಲಿ ಕ್ಷೀರಭಾಗ್ಯ ಬಂತು. 2024ರಲ್ಲಿ ಹಾಲಿನ ಜೊತೆಗೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಸೇರಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರು ದಿನವೂ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಎಂದಾಯಿತು. ಹೊಟ್ಟೆ ತುಂಬಿಸುವ ವಿಷಯದಲ್ಲಿ ಈ ರಾಜ್ಯ ಜಿಪುಣತನ ತೋರಿಲ್ಲ.

ಆದರೆ ತಟ್ಟೆಗೆ ಬಂದದ್ದೆಲ್ಲ ಬಾಯಿಗೆ ಹೋಗುತ್ತದೆ ಎಂದು ಲೆಕ್ಕದ ತಂತ್ರಾಂಶ ನಂಬಿದೆ, ನಾವು ನಂಬುವಂತಿಲ್ಲ. ಐದನೇ ತರಗತಿಯ ಹುಡುಗ ತಟ್ಟೆ ಬಡಿಯುತ್ತ ಸಾಲಿನಲ್ಲಿ ಓಡಿ ಬಂದು ನಿಲ್ಲುತ್ತಾನೆ. ಅದೇ ಹುಡುಗ ಒಂಬತ್ತಕ್ಕೆ ಬಂದಾಗ ಅವನಿಗೆ ತಟ್ಟೆ ಹಿಡಿಯಲು ನಾಚಿಕೆ. ಸಾರಿನಲ್ಲಿರುವ ಸೊಪ್ಪನ್ನು ಬೆರಳಿನಿಂದ ತೆಗೆದು ಅಂಚಿಗೆ ಸಾಲಾಗಿ ಅಂಟಿಸುತ್ತಾನೆ. ರಾಗಿ ಮಾಲ್ಟಿನ ಲೋಟವನ್ನು ಕಿರಿಯರ ಕಡೆಗೆ ದಾಟಿಸುತ್ತಾನೆ. ಆಮೇಲೆ ಗೇಟಿನಾಚೆಯ ಪೆಟ್ಟಿಗೆ ಅಂಗಡಿಗೆ ಹೋಗಿ ಕೆಂಪು ಬಣ್ಣದ ಎನರ್ಜಿ ಡ್ರಿಂಕಿನ ಇಪ್ಪತ್ತು ರೂಪಾಯಿ ಬಾಟಲಿಯನ್ನು ಇಬ್ಬರು ಗೆಳೆಯರ ಜೊತೆ ಹಂಚಿಕೊಂಡು ಕುಡಿಯುತ್ತಾನೆ. ಅವನು ಹಸಿದು ಕುಡಿಯುವುದಿಲ್ಲ. ಕ್ರಿಕೆಟ್ ಆಟಗಾರ ಕುಡಿಯುವುದನ್ನು ರಾತ್ರಿ ಮೊಬೈಲಿನಲ್ಲಿ ನೋಡಿರುತ್ತಾನೆ. ಆ ಬಾಟಲಿ ಕೈಯಲ್ಲಿದ್ದರೆ ತಾನೂ ದೊಡ್ಡವನು.

ಆ ಬಾಟಲಿಯ ವಿಷಯವನ್ನೇ ಸ್ವಲ್ಪ ವಿವರಿಸುತ್ತೇನೆ. ಇಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಹೇಳುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಇದು ತಕ್ಕುದಲ್ಲ ಎಂಬ ಎಚ್ಚರಿಕೆಯನ್ನು ಬಾಟಲಿಯ ಮೇಲೆ ಮುದ್ರಿಸಬೇಕೆಂದೂ ಅದೇ ನಿಯಮ ಹೇಳುತ್ತದೆ. ಮುದ್ರಿಸಿದ್ದಾರೆ. ಎಳ್ಳುಕಾಳಿನಷ್ಟು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಪೊಟ್ಟಣಗಳ ಮೇಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು ಎನ್ನುತ್ತದೆ ಕೇಂದ್ರದ ಲೇಬಲ್ ನಿಯಮ. ಕನ್ನಡ ಮಾಧ್ಯಮದ ಹುಡುಗನಿಗೆ ಜಾಹೀರಾತು ಮಾತ್ರ ಶುದ್ಧ ಕನ್ನಡದಲ್ಲಿ ಬರುತ್ತದೆ, ಅದೂ ಅವನ ಮೆಚ್ಚಿನ ನಟನ ಬಾಯಲ್ಲಿ. ಮಾರುವಾಗ ಕನ್ನಡ, ಎಚ್ಚರಿಸುವಾಗ ಇಂಗ್ಲಿಷ್. ರಾಜ್ಯದಲ್ಲೇ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆಯಲ್ಲವೇ? ನಮ್ಮ ಗೇಟಿನಾಚೆಯ ಅಂಗಡಿಯಲ್ಲಿ ನೇತಾಡುವ ಸರಗಳಲ್ಲಿ ಸಕ್ಕರೆ, ಉಪ್ಪು, ಕೊಬ್ಬಿನ ವಿವರವನ್ನು ಕನ್ನಡದಲ್ಲಿ ಹೊತ್ತ ಒಂದು ಪೊಟ್ಟಣವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಮೊಬೈಲಿನ ಮಾತು. ಚಿಪ್ಸ್ ಪೊಟ್ಟಣದ ಹಿಂದೆ ಒಂದು ಕ್ಯೂಆರ್ ಕೋಡ್ ಇರುತ್ತದೆ. ಸ್ಕ್ಯಾನ್ ಮಾಡಿದರೆ ಒಂದು ಆಟ ತೆರೆದುಕೊಳ್ಳುತ್ತದೆ, ಗೆದ್ದರೆ ರೀಚಾರ್ಜ್. ರೀಲ್ಸ್ ತೆರೆದರೆ ಬೆಂಕಿಯಂಥ ಖಾರದ ನೂಡಲ್ಸ್ ತಿನ್ನುವ ಪಂಥ. ಅದನ್ನು ಪೂರ್ತಿ ನೋಡಿದ ಹುಡುಗನಿಗೆ ಅಂಥವೇ ಇನ್ನಷ್ಟು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮಕ್ಕಳಿಗೆಂದೇ ಇರುವ ಕಾರ್ಯಕ್ರಮಗಳ ನಡುವೆ ಮತ್ತು ಮಕ್ಕಳ ವಾಹಿನಿಗಳಲ್ಲಿ ಚಿಪ್ಸ್, ತಂಪು ಪಾನೀಯಗಳಂಥವನ್ನು ಜಾಹೀರಾತು ಮಾಡಬಾರದು ಎಂದಿದೆ. ಒಳ್ಳೆಯ ನಿಯಮ, ಆದರೆ ಹತ್ತು ವರ್ಷ ತಡವಾಗಿ ಬಂತು. ನಮ್ಮ ಹತ್ತನೇ ತರಗತಿಯಲ್ಲಿ ಮಕ್ಕಳ ವಾಹಿನಿ ನೋಡುವವರು ಯಾರಿದ್ದಾರೆ? ಅವರು ನೋಡುವುದು ದೊಡ್ಡವರು ನೋಡುವುದನ್ನೇ, ದೊಡ್ಡವರ ಮೊಬೈಲಿನಲ್ಲೇ. ಬ್ರಿಟನ್ನಿನಲ್ಲಿ 2026ರ ಜನವರಿ 5ರಿಂದ ಸಕ್ಕರೆ, ಉಪ್ಪು, ಕೊಬ್ಬು ಅತಿಯಾಗಿರುವ ತಿನಿಸುಗಳ ಪಾವತಿ ಜಾಹೀರಾತನ್ನು ಇಂಟರ್ನೆಟ್ಟಿನಲ್ಲಿ ಹಗಲು ರಾತ್ರಿ ಎನ್ನದೆ ನಿಷೇಧಿಸಿದ್ದಾರೆ. ಅಂಥ ಕಾನೂನು ಮಾಡುವುದು ದೆಹಲಿಯ ಕೆಲಸ, ತಮ್ಮ ಕೈಯಲ್ಲಿಲ್ಲ ಎಂಬುದು ನನಗೂ ಗೊತ್ತು. ತಮ್ಮ ಕೈಯಲ್ಲಿ ಇರುವುದರ ಬಗ್ಗೆಯೇ ಮುಂದೆ ಬರೆಯುತ್ತೇನೆ.

ತಂತ್ರಜ್ಞಾನ ನೆನಪಾದದ್ದಕ್ಕೆ ನಮ್ಮ ತರಗತಿಯಲ್ಲಿ ನಡೆದ ಒಂದು ಪ್ರಸಂಗ ಕಾರಣ. ತಂತ್ರಜ್ಞಾನದ ನೆರವಿನಿಂದ ಕಲಿಸುವ ಟಾಲ್ಪ್ ಯೋಜನೆಯಲ್ಲಿ ಪ್ರೌಢಶಾಲೆಗಳಿಗೆ ಬಂದ ಲ್ಯಾಪ್‌ಟಾಪು, ಪ್ರೊಜೆಕ್ಟರುಗಳು ತಮಗೆ ಗೊತ್ತಿರುತ್ತವೆ. ನಮ್ಮ ಪ್ರೊಜೆಕ್ಟರಿನ ಬೆಳಕು ಸ್ವಲ್ಪ ಮಂಕಾಗಿದೆ, ಆದರೂ ಕೆಲಸ ಮಾಡುತ್ತದೆ. ಪೋಷಣೆಯ ಪಾಠದ ದಿನ ಮಕ್ಕಳಿಗೆ ಅಂಗಳದಲ್ಲಿ ಬಿದ್ದಿದ್ದ ಖಾಲಿ ಪೊಟ್ಟಣ, ಬಾಟಲಿಗಳನ್ನು ಆಯ್ದು ತರಲು ಹೇಳಿದೆ. ಅಂಗಳವೂ ಸ್ವಚ್ಛವಾಯಿತು ಎನ್ನಿ. ಅವುಗಳ ಹಿಂಬದಿಯ ಕೋಷ್ಟಕವನ್ನು ನನ್ನ ಮೊಬೈಲಿನಲ್ಲಿ ಫೋಟೊ ತೆಗೆದು ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟೆ. ಕೈಯಲ್ಲಿ ಹಿಡಿದಾಗ ಕಾಣದ ಅಕ್ಷರಗಳು ಗೋಡೆಯ ಮೇಲೆ ಗೇಣುದ್ದ ಆದವು.

ಒಂದು ತಂಪು ಪಾನೀಯದಲ್ಲಿ 100 ಮಿಲಿಲೀಟರಿಗೆ 11 ಗ್ರಾಂ ಸಕ್ಕರೆ ಎಂದಿತ್ತು. ಬಾಟಲಿ 250 ಮಿಲಿಲೀಟರಿನದು. ಗುಣಿಸಿದರೆ 27.5 ಗ್ರಾಂ. ಅಡುಗೆಮನೆಯಿಂದ ಸಕ್ಕರೆ ಡಬ್ಬಿ, ಚಮಚ ತರಿಸಿ ಕಾಗದದ ಮೇಲೆ ಅಳೆದು ಸುರಿದೆವು. ಐದೂವರೆ ಚಮಚ. ದಿನಕ್ಕೆ ಎರಡು ಸಾವಿರ ಕ್ಯಾಲೊರಿ ಉಣ್ಣುವವರು ಹೊರಗಿನಿಂದ ಸೇರಿಸಿದ ಸಕ್ಕರೆಯನ್ನು 50 ಗ್ರಾಮಿನೊಳಗೆ, ಸಾಧ್ಯವಾದರೆ 25 ಗ್ರಾಮಿನೊಳಗೇ ಇಟ್ಟುಕೊಳ್ಳಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತಿನ ಸಾರ. ಆ ಒಂದು ಬಾಟಲಿಯಲ್ಲೇ ಚಿಕ್ಕ ಮಿತಿ ದಾಟಿತು. ನಂತರ ಚಿಪ್ಸ್ ಪೊಟ್ಟಣ. ಅದರಲ್ಲಿ ಉಪ್ಪು ಎಂಬ ಪದವೇ ಇರಲಿಲ್ಲ, ಸೋಡಿಯಂ ಇಷ್ಟು ಮಿಲಿಗ್ರಾಂ ಎಂದಿತ್ತು. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ, ದಿನಕ್ಕೆ 5 ಗ್ರಾಂ ಮೀರಬಾರದು ಎಂದು ಹೇಳಿದೆ. ಲೆಕ್ಕವೆಂದರೆ ಮುಖ ಗಂಟಿಕ್ಕುವವರೂ ಪೆನ್ನು ಹಿಡಿದರು. ಇನ್ನೊಂದು ಪೊಟ್ಟಣದಲ್ಲಿ ಎಲ್ಲ ಅಂಕಿಗಳೂ ಪುಟ್ಟದಾಗಿ ಕಾಣುತ್ತಿದ್ದವು. ಯಾಕೆಂದು ಹುಡುಕಿದಾಗ ಅವು ಇಡೀ ಪೊಟ್ಟಣದ ಅಂಕಿಗಳಲ್ಲ, ಕಂಪನಿಯೇ ಗೊತ್ತು ಮಾಡಿದ ಒಂದು ‘ಪಾಲಿ’ನವು ಎಂದು ಗೊತ್ತಾಯಿತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, “ಅರ್ಧ ಪ್ಯಾಕೆಟ್ ತಿಂದು ರಬ್ಬರ್ ಬ್ಯಾಂಡ್ ಹಾಕಿ ಇಡುವವರು ಯಾರಿದ್ದಾರೆ ಮಿಸ್?” ಎಂದು ಕೇಳಿದ. ಆ ಪ್ರಶ್ನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರದ ಸಭೆಯಲ್ಲಿ ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು.

ಕೊನೆಗೆ ರಾಗಿಯ ಸರದಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಭಾರತೀಯ ಆಹಾರ ಪದಾರ್ಥಗಳನ್ನು ವಿಶ್ಲೇಷಿಸಿ ಕೋಷ್ಟಕ ಪ್ರಕಟಿಸಿದೆ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120. ಹಾಲಿನ ಕ್ಯಾಲ್ಸಿಯಂ ಮೈಗೆ ಹತ್ತುವುದು ಸುಲಭ, ಅದನ್ನೂ ಹೇಳಿದೆ. ಆದರೂ ಮನೆಯಲ್ಲಿ ದಿನಾ ಮುದ್ದೆ ಎಂದು ಮುಖ ಸಿಂಡರಿಸುವ ಮಕ್ಕಳು ಗೋಡೆಯ ಮೇಲಿನ ಆ ಅಂಕಿಯನ್ನು ನೋಡಿ ಸುಮ್ಮನಾದರು. ಮರುದಿನದಿಂದ ಎಲ್ಲರೂ ಮಾಲ್ಟಿಗೆ ಮುಗಿಬಿದ್ದರು ಎಂದು ಬರೆದರೆ ತಾವು ನಂಬಬಾರದು, ಹಾಗೇನೂ ಆಗಲಿಲ್ಲ. ಕೆಲವರು ಕುಡಿದರು, ಕೆಲವರು ಮೊದಲಿನಂತೆಯೇ ದಾಟಿಸಿದರು. ಆದರೆ ಪೊಟ್ಟಣ ತಿರುಗಿಸಿ ಹಿಂಬದಿ ನೋಡುವ ಚಟ ಹಲವರಿಗೆ ಅಂಟಿತು. ಒಬ್ಬಳು ತನ್ನ ಅಜ್ಜಿ ಕುಡಿಯುವ ‘ಶಕ್ತಿವರ್ಧಕ’ ಪುಡಿಯ ಡಬ್ಬಿಯನ್ನೇ ಶಾಲೆಗೆ ಹೊತ್ತು ತಂದಳು. ಅದರ ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆಯ ಸ್ಥಾನ ಎಷ್ಟನೆಯದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಪಾಠಕ್ಕೆ ನನಗೆ ತಗುಲಿದ ಖರ್ಚು ಆ ಐದೂವರೆ ಚಮಚ ಸಕ್ಕರೆ ಮಾತ್ರ. ಆದರೆ ಇಂಥ ಪಾಠ ಒಬ್ಬ ಶಿಕ್ಷಕಿಯ ಮರ್ಜಿಗೆ ಬಿಟ್ಟದ್ದಾಗಿ ಉಳಿಯಬಾರದು. ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಇದೆ ಎಂದು ತೋರಿಸುವ ‘ಸಕ್ಕರೆ ಫಲಕ’ ಹಾಕಬೇಕೆಂದು ಕೇಂದ್ರೀಯ ಪಠ್ಯಕ್ರಮದ ಶಾಲೆಗಳಿಗೆ ಸಿಬಿಎಸ್‌ಇ 2025ರ ಮೇ ತಿಂಗಳಲ್ಲೇ ಸೂಚಿಸಿದೆ. ರಾಜ್ಯ ಪಠ್ಯಕ್ರಮದ ಮಕ್ಕಳ ನಾಲಿಗೆಗೆ ಸಕ್ಕರೆ ಬೇರೆ ರುಚಿಯದೇನೂ ಅಲ್ಲ.

ಡಿಜಿಟಲ್ ದಾರಿಯಲ್ಲಿ ಆಹಾರದ ಮಾತು ಮಕ್ಕಳನ್ನು ಮುಟ್ಟುತ್ತದೆಯೇ ಎಂಬ ಅನುಮಾನ ತಮ್ಮ ಅಧಿಕಾರಿಗಳಿಗೆ ಇದ್ದರೆ 2024ರ ಮಾರ್ಚ್ ತಿಂಗಳನ್ನು ನೆನಪಿಸುತ್ತೇನೆ. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಎಂಬ ಬಣ್ಣವನ್ನೂ ರಾಜ್ಯ ಸರ್ಕಾರ ಆಗ ನಿಷೇಧಿಸಿತು. ಆ ಸುದ್ದಿ ನಮ್ಮ ಮಕ್ಕಳಿಗೆ ಸುತ್ತೋಲೆಯಿಂದ ತಲುಪಲಿಲ್ಲ, ಸುತ್ತೋಲೆ ಓದುವ ಮಕ್ಕಳನ್ನು ನಾನಿನ್ನೂ ಕಂಡಿಲ್ಲ. ಒಂದು ನಿಮಿಷದ ವಿಡಿಯೊಗಳ ಮೂಲಕ ತಲುಪಿತು. ಸಂತೆಯ ದಿನ ಗೋಬಿ ಗಾಡಿಯ ಮುಂದೆ ನಿಂತು “ಅಣ್ಣಾ, ಕಲರ್ ಹಾಕಬೇಡಿ” ಎನ್ನುವುದು ನಮ್ಮ ಹುಡುಗರಿಗೆ ಒಂದು ಗತ್ತಿನ ವಿಷಯವಾಗಿಬಿಟ್ಟಿತ್ತು. ಗೋಬಿ ತಿನ್ನುವುದನ್ನು ಅವರು ಬಿಡಲಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಬಣ್ಣ ಹೋಯಿತು. ಹದಿಹರೆಯದವರಿಗೆ ಉಪದೇಶ ರುಚಿಸದು. ತಮ್ಮನ್ನು ಯಾರೋ ಏಮಾರಿಸುತ್ತಿದ್ದಾರೆ ಎಂದು ಗೊತ್ತಾದರೆ ಮಾತ್ರ ರೋಷ ಬರುತ್ತದೆ. ಇಲಾಖೆ ಕೆಲಸ ಶುರುಮಾಡಬೇಕಾದದ್ದು ಆ ರೋಷವನ್ನು ನಂಬಿ.

ಹಾಗೆಂದು ಒಂದು ಹೊಸ ಆ್ಯಪ್ ಬಿಡುಗಡೆ ಮಾಡಿ ಎಲ್ಲ ಮಕ್ಕಳೂ ಡೌನ್‌ಲೋಡ್ ಮಾಡಿಕೊಳ್ಳಬೇಕೆಂದು ಆದೇಶ ಹೊರಡಿಸುವುದಾದರೆ ದಯವಿಟ್ಟು ಬೇಡ. ಕಳೆದ ವರ್ಷ ಒಂದು ಸಂಸ್ಥೆಯವರು ಆರೋಗ್ಯದ ಆ್ಯಪ್ ತೋರಿಸುತ್ತೇವೆಂದು ಶಾಲೆಗೆ ಬಂದರು. ಮಕ್ಕಳ ಹೆಸರು, ವಯಸ್ಸು, ಎತ್ತರ, ತೂಕ ತುಂಬಿಸಿಕೊಂಡರು. ಪರದೆಯ ಮೇಲೆ ಹಸಿರು, ಹಳದಿ, ಕೆಂಪು ವೃತ್ತಗಳು ಮೂಡಿದವು. ಕೆಂಪು ಬಂದ ಹುಡುಗಿಯ ಹೆಸರು ಇಡೀ ತರಗತಿಗೆ ಕಂಡಿತು. ಅವಳು ಅಂದಿನಿಂದ ಮಧ್ಯಾಹ್ನ ತಟ್ಟೆ ಹಿಡಿಯುವುದನ್ನೇ ಬಿಟ್ಟಳು. ಅಡುಗೆಯ ಅಕ್ಕ ಬಂದು ಹೇಳುವವರೆಗೆ ಇದು ನಮ್ಮ ಗಮನಕ್ಕೆ ಬರಲಿಲ್ಲ. ಅವಳನ್ನು ಮತ್ತೆ ಸಾಲಿಗೆ ಕರೆತರಲು ತುಂಬ ದಿನ ಹಿಡಿಯಿತು. ಬೆಳೆಯುವ ವಯಸ್ಸಿನ ಹುಡುಗಿಗೆ ಕ್ಯಾಲೊರಿ ಎಣಿಸಲು ಕಲಿಸುವುದು, ತೂಕವನ್ನು ಅಂಕಪಟ್ಟಿಯಂತೆ ಪ್ರದರ್ಶಿಸುವುದು ಆರೋಗ್ಯ ಶಿಕ್ಷಣವಲ್ಲ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ 10ರಿಂದ 19 ವರ್ಷದವರಲ್ಲಿ ಶೇ. 24ರಷ್ಟು ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದ ಸಣಕಲರು, ಶೇ. 5ರಷ್ಟು ಮಂದಿ ಅತಿತೂಕದವರು. ಒಂದೇ ಬೆಂಚಿನಲ್ಲಿ ಇಬ್ಬರೂ ಕೂತಿರುತ್ತಾರೆ. ‘ಕಡಿಮೆ ತಿನ್ನಿ’ ಎಂಬ ಸಂದೇಶವನ್ನು ಎಲ್ಲರ ಮೊಬೈಲಿಗೂ ಒಟ್ಟಿಗೆ ಕಳಿಸಿದರೆ ಅದು ಮೊದಲು ತಟ್ಟುವುದು ಉಣ್ಣಲೇಬೇಕಾದ ಮಗುವಿಗೆ.

ಆ ದಿನ ತುಂಬಿಸಿಕೊಂಡ ಮಾಹಿತಿ ಎಲ್ಲಿಗೆ ಹೋಯಿತೆಂದು ನಾವು ಕೇಳಿದೆವು, ಸರಿಯಾದ ಉತ್ತರ ಸಿಗಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಕರೆಯುತ್ತದೆ. ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು, ಅವರ ನಡವಳಿಕೆಯ ಜಾಡು ಹಿಡಿದು ಜಾಹೀರಾತು ತೋರಿಸಬಾರದು ಎನ್ನುತ್ತದೆ. ಶಾಲೆಯ ಬಾಗಿಲಲ್ಲಿ ಆ ಕಾಯ್ದೆಯನ್ನು ಓದಿ ನೋಡುವವರು ಯಾರು? ಮುಖ್ಯ ಶಿಕ್ಷಕರಿಗೆ ಒಂದು ಪುಟದ ಸ್ಪಷ್ಟ ಸೂಚನೆ ಕೊಟ್ಟರೆ ಅಂಥವರನ್ನು ಗೇಟಿನಲ್ಲೇ ನಿಲ್ಲಿಸುವ ಧೈರ್ಯ ನಮಗೂ ಬರುತ್ತದೆ. ತಿಂಡಿ, ಪಾನೀಯ, ಪೌಷ್ಟಿಕ ಪುಡಿ ಮಾರುವ ಯಾವುದೇ ಕಂಪನಿಯ ಪ್ರಾಯೋಜಕತ್ವದ ಆ್ಯಪ್, ಸ್ಪರ್ಧೆ, ವಿಡಿಯೊ ಸರ್ಕಾರಿ ಶಾಲೆಯೊಳಗೆ ಬರಬಾರದೆಂದು ಆ ಪುಟದ ಮೊದಲ ಸಾಲಿನಲ್ಲೇ ಇರಲಿ.

ಮೊಬೈಲ್ ಎಲ್ಲ ಮಕ್ಕಳ ಕೈಯಲ್ಲೂ ಇದೆ ಎಂದು ಎಣಿಸುವುದೂ ತಪ್ಪು. ನಮ್ಮಲ್ಲಿ ಹುಡುಗರಿಗೆ ಸಂಜೆ ಮೊಬೈಲ್ ಸಿಗುತ್ತದೆ, ಹುಡುಗಿಯರಿಗೆ ಅಣ್ಣ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ರಕ್ತಹೀನತೆ ಹೆಚ್ಚು ಕಾಡುತ್ತಿರುವುದು ಆ ಹುಡುಗಿಯರನ್ನೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1ರಷ್ಟು ಮಂದಿಗೆ ರಕ್ತಹೀನತೆ ಇದೆ, ಅದೇ ವಯಸ್ಸಿನ ಹುಡುಗರಲ್ಲಿ ಶೇ. 31.1ರಷ್ಟು ಮಂದಿಗೆ. ವಾರಕ್ಕೊಮ್ಮೆ ಕಬ್ಬಿಣಾಂಶದ ನೀಲಿ ಮಾತ್ರೆ ಶಾಲೆಯಲ್ಲೇ ಕೊಡುತ್ತೇವೆ, ಎಷ್ಟು ಮಾತ್ರೆ ಎಂದು ಲೆಕ್ಕವೂ ಕಳಿಸುತ್ತೇವೆ. ಊಟದ ಜೊತೆಗಾಗಲಿ ಊಟವಾದ ಕೂಡಲೇ ಆಗಲಿ ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ ಎಂಬ ಎರಡು ಮಾತು ಮಾತ್ರ ಮನೆಗೆ ತಲುಪುತ್ತಿಲ್ಲ. ಬೆಳಿಗ್ಗೆ ಮನೆಯಲ್ಲಿ ಟೀ ಮತ್ತು ಬನ್ನು ತಿಂದು ಬರುವ ಹುಡುಗಿಯರು ಪ್ರಾರ್ಥನೆಯ ಸಾಲಿನಲ್ಲಿ ತಲೆ ಸುತ್ತಿ ಕೂರುತ್ತಾರೆ. ಅವರ ತಾಯಂದಿರ ಬಳಿ ಇರುವುದು ಬಟನ್ ಫೋನು. ಅದಕ್ಕೆ ವಾರಕ್ಕೊಂದು ಧ್ವನಿ ಕರೆ ಹೋಗಬಹುದಲ್ಲ? ಗಟ್ಟಿ ಕನ್ನಡದಲ್ಲಿ, ಆಯಾ ಸೀಮೆಯ ಅಡುಗೆಯ ಹೆಸರು ಹೇಳಿ: ಇಲ್ಲಿ ಹುರುಳಿಕಾಳಿನ ಬಸ್ಸಾರು, ಕಲಬುರಗಿ ಕಡೆ ಜೋಳದ ರೊಟ್ಟಿ ಮತ್ತು ಪುಂಡಿಪಲ್ಲೆ, ಕರಾವಳಿಯಲ್ಲಿ ಮೀನು ಮತ್ತು ಬಸಳೆ. ಚುನಾವಣೆ ಬಂದಾಗ ಎಲ್ಲ ಪಕ್ಷದ ನಾಯಕರ ಧ್ವನಿಯೂ ಆ ಬಟನ್ ಫೋನುಗಳಿಗೆ ತಪ್ಪದೆ ತಲುಪುತ್ತದೆ. ತಾಂತ್ರಿಕ ತೊಡಕಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ನನ್ನ ಬೇಡಿಕೆಗಳನ್ನು ಈಗ ನೇರವಾಗಿ ಇಡುತ್ತೇನೆ. ಪಠ್ಯಪುಸ್ತಕಗಳಲ್ಲಿ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾದ ಕ್ಯೂಆರ್ ಕೋಡ್‌ಗಳು ಈಗಾಗಲೇ ಇವೆ. ಎಂಟರಿಂದ ಹತ್ತರವರೆಗಿನ ವಿಜ್ಞಾನ ಪುಸ್ತಕಗಳಲ್ಲಿ ಪೊಟ್ಟಣದ ಲೇಬಲ್ ಓದುವ ಪಾಠಕ್ಕೂ ಒಂದು ಕೋಡ್ ಬರಲಿ. ಅದರ ಹಿಂದೆ ಭಾಷಣದ ವಿಡಿಯೊ ಬೇಡ, ಮಕ್ಕಳೇ ಅಂಕಿ ಹಾಕಿ ಚಮಚದ ಲೆಕ್ಕ ತೆಗೆಯುವ ಸರಳ ಪುಟ ಸಾಕು. ಪೊಟ್ಟಣದ ಬಾರ್‌ಕೋಡಿಗೆ ಕ್ಯಾಮೆರಾ ಹಿಡಿದರೆ ಸಕ್ಕರೆ, ಉಪ್ಪು, ಕೊಬ್ಬು, ಕೆಫೀನು ಎಷ್ಟಿದೆ ಎಂದು ಕನ್ನಡದಲ್ಲಿ ಓದಿ ಹೇಳುವ ಸೌಲಭ್ಯವನ್ನು ಸರ್ಕಾರವೇ ಮಾಡಿಸಬಹುದು. ಅದಕ್ಕೆ ಮಗುವಿನ ಹೆಸರು ಬೇಡ, ತೂಕ ಬೇಡ, ಲಾಗಿನ್ ಬೇಡ. ಬೆಂಗಳೂರನ್ನು ತಂತ್ರಜ್ಞಾನದ ರಾಜಧಾನಿ ಎಂದು ಕರೆದುಕೊಳ್ಳುತ್ತೇವೆ, ಕನ್ನಡದಲ್ಲಿ ಲೇಬಲ್ ಓದಿಸಲು ನಮಗೆ ಬೇರೆ ಊರಿನ ನೆರವು ಬೇಕಾಗಲಾರದು.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಬಿಸಿಯೂಟದ ತಂತ್ರಾಂಶದಲ್ಲಿ ಮಕ್ಕಳ ಮಾತಿಗೂ ಒಂದು ಕಿಟಕಿ ತೆರೆಯಿರಿ. ಇಂದು ಏನು ಉಳಿಯಿತು, ಏಕೆ ಉಳಿಯಿತು ಎಂದು ತರಗತಿಯ ಮಕ್ಕಳೇ ವಾರಕ್ಕೊಮ್ಮೆ ಶಾಲೆಯ ಲ್ಯಾಪ್‌ಟಾಪಿನಲ್ಲಿ ದಾಖಲಿಸಲಿ. ಆರರಿಂದ ಎಂಟನೇ ತರಗತಿಯವರಿಗೆ ದಿನಕ್ಕೆ ತಲಾ 75 ಗ್ರಾಂ ತರಕಾರಿ, 30 ಗ್ರಾಂ ಬೇಳೆಕಾಳು ಎಂದು ಕೇಂದ್ರದ ನಿಯಮವಿದೆ. ಹೈಸ್ಕೂಲಿನ ಎಲ್ಲ ಮಕ್ಕಳಿಗೂ ತಮ್ಮ ಪಾಲಿನ ಅಳತೆ ಗೊತ್ತಾಗಲಿ, ಗೋಡೆಯ ಮೇಲೆ ಕಾಣಲಿ. ನಿಯಮದ ಮಿತಿಯೊಳಗೆ ಮುಂದಿನ ವಾರದ ಸಾರು ಯಾವುದು, ಯಾವ ಸೊಪ್ಪು ಎಂದು ಆರಿಸುವ ಹಕ್ಕು ಒಂಬತ್ತು, ಹತ್ತನೆಯವರಿಗೆ ಸಿಗಲಿ. ತಾನೇ ಆರಿಸಿದ ಸಾರನ್ನು ಹುಡುಗ ಅಷ್ಟು ಸುಲಭವಾಗಿ ಚೆಲ್ಲುವುದಿಲ್ಲ. ನುಗ್ಗೆಸೊಪ್ಪನ್ನು ಬೇಳೆಯ ಜೊತೆ ಬೇಯಿಸಿದರೆ ಮುಟ್ಟದ ಮಕ್ಕಳು ಅದನ್ನೇ ಕಡಲೆಕಾಯಿ ಪುಡಿ ಹಾಕಿ ಪಲ್ಯ ಮಾಡಿದಾಗ ಎರಡನೇ ಸಲ ಹಾಕಿಸಿಕೊಂಡರು. ಈ ಗುಟ್ಟು ನಮ್ಮ ಅಡುಗೆಯ ಅಕ್ಕಂದಿರಿಗೆ ಗೊತ್ತು, ಪಕ್ಕದೂರಿನ ಶಾಲೆಯವರಿಗೆ ಗೊತ್ತಿಲ್ಲ. ಇಂಥವರ ಕೈರುಚಿಯ ಎರಡು ನಿಮಿಷದ ವಿಡಿಯೊಗಳನ್ನು ಮಕ್ಕಳೇ ತೆಗೆದು ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಹಂಚುವಂತಾಗಲಿ. ವಿಡಿಯೊ ತೆಗೆಯುವುದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದು ಷರತ್ತು: ಇದಕ್ಕೆ ಹೊಸ ನಮೂನೆ, ಹೊಸ ರಿಜಿಸ್ಟರು, ಹೊಸ ಪಾಸ್‌ವರ್ಡು ಬೇಡ. ಇರುವ ನಮೂನೆಗಳಲ್ಲಿ ಎರಡನ್ನು ಕಡಿಮೆ ಮಾಡಿ ಇದನ್ನು ಸೇರಿಸಿದರೆ ಶಿಕ್ಷಕರು ಹರಸುತ್ತಾರೆ.

ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಅತಿ ಸಕ್ಕರೆ, ಉಪ್ಪು, ಕೊಬ್ಬಿನ ತಿನಿಸುಗಳನ್ನು ಮಾರಬಾರದು, ಜಾಹೀರಾತು ಮಾಡಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿಯಿದೆ. ಜಾರಿ ಆರೋಗ್ಯ ಇಲಾಖೆಯ ಕೆಲಸ ಎಂದು ಇದನ್ನು ಪಕ್ಕಕ್ಕೆ ಸರಿಸದೆ ಆ ಇಲಾಖೆಯ ಸಚಿವರೊಡನೆ ತಾವು ಮಾತನಾಡಬೇಕು. ಇಲ್ಲಿ ನನ್ನದೊಂದು ಎಚ್ಚರಿಕೆಯ ಮಾತೂ ಇದೆ. ಫೋಟೊ ತೆಗೆದು ದೂರು ಹಾಕುವ ಕೆಲಸಕ್ಕೆ ಮಕ್ಕಳನ್ನು ಹಚ್ಚಬಾರದು. ಅಂಗಡಿಯಮ್ಮ ಪರ ಊರಿನವಳಲ್ಲ, ಅದೇ ತರಗತಿಯ ಮಗುವಿನ ಅತ್ತೆಯೋ ಚಿಕ್ಕಮ್ಮನೋ ಆಗಿರುತ್ತಾಳೆ. ಅವಳ ಹೊಟ್ಟೆಪಾಡು ಆ ಪೆಟ್ಟಿಗೆ ಅಂಗಡಿ. ನಮ್ಮೂರಲ್ಲಿ ಅವಳು ಹುರಿದ ಕಡಲೆಕಾಯಿ, ಬೇಯಿಸಿದ ಅವರೆಕಾಯಿ, ಸೀಬೆಹಣ್ಣು ಮಾರುತ್ತಿದ್ದ ಕಾಲ ತೀರ ಹಳೆಯದಲ್ಲ. ಕಂಪನಿಯ ವ್ಯಾನು ಬಾಗಿಲಿಗೇ ಬಂದು ಸಾಲಕ್ಕೆ ಪೊಟ್ಟಣದ ಸರ ಕೊಟ್ಟು, ಫ್ರಿಜ್ಜನ್ನೂ ಇಟ್ಟು ಹೋಗುತ್ತದೆ. ಕಡಲೆಕಾಯಿಗೆ ಆ ಅನುಕೂಲ ಇಲ್ಲ. ದಂಡ ಹಾಕುವ ಮೊದಲು ಪಂಚಾಯಿತಿಯ ಸ್ವಸಹಾಯ ಸಂಘಗಳ ಮೂಲಕ ಅವಳ ಅಂಗಡಿಗೆ ಬೇರೆ ಸರಕು ತಲುಪಿಸುವ ದಾರಿ ಹುಡುಕಬೇಕು. ದಂಡ ಹಾಕುವುದೇ ಆದರೆ ವ್ಯಾನಿನಿಂದ ಶುರುವಾಗಲಿ.

ಇಷ್ಟನ್ನೂ ಒಂದೇ ವರ್ಷದಲ್ಲಿ ಎಲ್ಲ ಕಡೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಪ್ರತಿ ವಿಭಾಗದಿಂದ ಒಂದು ತಾಲ್ಲೂಕು ಆರಿಸಿಕೊಳ್ಳಿ: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯವರು (ಡಿಎಸ್‌ಇಆರ್‌ಟಿ) ಪಾಠ ರೂಪಿಸುವಾಗ ಆಹಾರ ತಜ್ಞರ ಜೊತೆಗೆ ಒಬ್ಬ ಮುಖ್ಯ ಅಡುಗೆಯವರನ್ನೂ ಇಬ್ಬರು ಹತ್ತನೇ ತರಗತಿಯ ಮಕ್ಕಳನ್ನೂ ಕೂರಿಸಿಕೊಳ್ಳಲಿ. ವರ್ಷದ ಕೊನೆಗೆ ಎಷ್ಟು ಮಂದಿ ಡೌನ್‌ಲೋಡ್ ಮಾಡಿಕೊಂಡರೆಂದು ಪತ್ರಿಕಾ ಹೇಳಿಕೆ ಕೊಡುವುದು ಬೇಡ. ಎಷ್ಟು ಸಾರು ಉಳಿಯಿತು, ಎಷ್ಟು ಮಾಲ್ಟ್ ಚೆಲ್ಲಿತು ಎಂದು ಅಳೆದು ಹೇಳಿ. ಕೆಲಸ ಆಗಲಿಲ್ಲವೆಂದು ಕಂಡರೆ ಹಾಗೆಂದೇ ಹೇಳಿ, ಅದಕ್ಕೂ ಬೆಲೆಯಿದೆ.

ನಮ್ಮ ಮಕ್ಕಳು ಗೋಡೆಯ ಮೇಲೆ ಅಳೆದ ಲೇಬಲ್‌ಗಳ ಫೋಟೊ, ಚಮಚದ ಲೆಕ್ಕದ ಹಾಳೆಗಳು, ಆ ಪಾಠದ ಟಿಪ್ಪಣಿ ನಮ್ಮ ಶಾಲೆಯಲ್ಲಿವೆ. ಹಾಳೆಗಳ ಮೇಲೆ ಮಕ್ಕಳ ಹೆಸರಿಲ್ಲ. ತಮ್ಮ ಕಚೇರಿಯಿಂದ ಸೂಚನೆ ಬಂದರೆ ಮುಖ್ಯ ಶಿಕ್ಷಕರ ಮೂಲಕ ಅವನ್ನು ಕಳಿಸಿಕೊಡುತ್ತೇನೆ. ಬಜೆಟ್ ಪೂರ್ವಭಾವಿ ಸಭೆಗಳು ಆರಂಭವಾಗುವ ಮುನ್ನ ಉತ್ತರ ಬಂದರೆ ಅನುಕೂಲ, ಆಮೇಲೆ ಎಲ್ಲದಕ್ಕೂ ‘ಅನುದಾನ ಲಭ್ಯತೆಗೆ ಒಳಪಟ್ಟು’ ಎಂಬ ಷರಾ ಸೇರಿಕೊಳ್ಳುತ್ತದೆ.

ಇತಿ ತಮ್ಮ ವಿಶ್ವಾಸಿ,
ವಿಜ್ಞಾನ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ
ತುಮಕೂರು ಜಿಲ್ಲೆ